ಹೊಸಬರು ಬಂದಾಗ ಪರೀಕ್ಷೆ ಯಾರಿಗೆ?



ಪೋಸ್ಟು ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಅರ್ಧಕ್ಕೇ ನಿಲ್ಲಿಸಿ ‘ಇವರಿಗೆ ಎಲ್ಲದರಲ್ಲೂ ಜಾತಿನೇ ಕಾಣುತ್ತೆ’ ಅಂತ ಕಾಮೆಂಟ್ ಹಾಕೋ ಅಣ್ಣಂದಿರು ಆ ಕಾಮೆಂಟನ್ನ ಕೊನೇ ಸಾಲಿನವರೆಗೂ ಜೇಬಲ್ಲೇ ಇಟ್ಕೊಂಡಿರಿ. ಆಮೇಲೂ ಹಾಕಬೇಕು ಅನ್ನಿಸಿದ್ರೆ ಧಾರಾಳವಾಗಿ ಹಾಕಿ.

ಇವತ್ತಿನ ಮಾತು ಕನ್ನಡದ ಹಾಸ್ಯದ ಗುಂಪುಗಳ ಬಗ್ಗೆ. ಮೀಮ್ ಗ್ರೂಪು, ಟ್ರೋಲ್ ಪೇಜು, ಕಾಲೇಜ್ ಹುಡುಗರ ಟೆಲಿಗ್ರಾಂ ಗುಂಪು, ಆಫೀಸಿನವರ ‘ಬರೀ ತಮಾಷೆಗೆ’ ಅಂತ ಹೆಸರಿಟ್ಟುಕೊಂಡ ವಾಟ್ಸ್ಯಾಪ್ ಗುಂಪು, ಎಲ್ಲ ಸೇರಿಸಿ ಹೇಳ್ತಿದೀನಿ. ಅವುಗಳನ್ನ ಮುಚ್ಚಿ ಅಂತ ಹೇಳೋಕೆ ಬಂದಿಲ್ಲ. ನಗೋ ಜಾಗ ಕಡಿಮೆ ಇರೋ ಕಾಲ ಇದು. ಗಾರ್ಮೆಂಟ್ಸ್ ಪಾಳಿ ಮುಗಿಸಿ ಬಸ್ಸಲ್ಲಿ ನಿಂತ ಹೆಣ್ಣುಮಗಳೂ ಮೊಬೈಲ್ ನೋಡ್ಕೊಂಡು ಎರಡು ನಿಮಿಷ ನಗ್ತಾಳೆ. ಆ ನಗು ಬೇಕು.

ನನ್ನ ತಕರಾರು ಒಂದೇ. ಆ ಗುಂಪಿಗೆ ಹೊಸಬರು ಬಂದಾಗ ನೀವು ಮಾಡೋ ಸ್ವಾಗತ ಮತ್ತು ಆಡಿಸೋ ಆಟ.

ಗುಂಪಿಗೆ ಸೇರಿದ ದಿನ ಏನಾಗುತ್ತೆ ಅಂತ ಸೇರಿದವರಿಗೆಲ್ಲ ಗೊತ್ತು. ‘ಹೊಸ ಬಕ್ರಾ ಬಂತು’ ಅಂತ ಒಬ್ಬ ಸ್ಟಿಕ್ಕರ್ ಹಾಕ್ತಾನೆ. ಆಮೇಲೆ ಇಂಟ್ರೊ ಆಟ. ಹೆಸರು ಹೇಳು. ಯಾವೂರು? ಊರಲ್ಲಿ ಯಾವ ಬೀದಿ? ಇನಿಶಿಯಲ್ ಬಿಡಿಸಿ ಹೇಳು. ಅಡ್ಡಹೆಸರೇನು? ವೆಜ್ಜಾ ನಾನ್‌ವೆಜ್ಜಾ? ನಾನ್‌ವೆಜ್ ಅಂದ್ರೆ ಏನೇನು? ಸಿಇಟಿ ರ‍್ಯಾಂಕ್ ಎಷ್ಟು ಗುರೂ?

ಒಂದೊಂದಾಗಿ ನೋಡಿದ್ರೆ ಇದರಲ್ಲಿ ಯಾವುದೂ ಜಾತಿ ಕೇಳೋ ಪ್ರಶ್ನೆ ಅಲ್ಲ. ಎಲ್ಲ ಸೇರಿಸಿ ನೋಡಿದ್ರೆ ಬೇರೆ ಏನನ್ನೂ ಕೇಳ್ತಿಲ್ಲ. ಉತ್ತರ ಕರ್ನಾಟಕದ ಹುಡುಗ ಅಡ್ಡಹೆಸರು ಹೇಳಿದ ಕೂಡಲೇ ಮುಗೀತು. ಕುಲಕರ್ಣಿ, ದೇಶಪಾಂಡೆ, ಪಾಟೀಲ ಅಂದ್ರೆ ಒಂದು ಥರದ ನಮಸ್ಕಾರ. ಮಾದರ, ಚಲವಾದಿ, ಹರಿಜನ ಅಂದ್ರೆ ಒಂದು ಗಳಿಗೆ ಮೌನ, ಆಮೇಲೆ ಒಂದು ಸ್ಟಿಕ್ಕರ್. ನಮ್ಮ ಮೈಸೂರು, ಚಾಮರಾಜನಗರದ ಕಡೆ ಅಡ್ಡಹೆಸರಿನ ರೂಢಿ ಕಡಿಮೆ. ಅದಕ್ಕೇ ಇನಿಶಿಯಲ್ ಬಿಡಿಸ್ತೀರಿ, ಅಪ್ಪನ ಹೆಸರು ಈಚೆಗೆ ಬರುತ್ತೆ. ಅದೂ ಸಾಲದಿದ್ರೆ ಬೀದಿ. ಅದೂ ಸಾಲದಿದ್ರೆ ತಟ್ಟೆಯೊಳಗೆ ಏನಿದೆ. ಕೊನೆಗೆ ರ‍್ಯಾಂಕು.

ಹಳ್ಳಿಯಲ್ಲಿ ಜಗಲಿ ಮೇಲೆ ಕೂತ ಯಜಮಾನರು ದಾರೀಲಿ ಹೋಗೋನನ್ನ ನಿಲ್ಲಿಸಿ ‘ಯಾವೂರಪ್ಪ? ಯಾರ ಪೈಕಿ?’ ಅಂತ ಕೇಳೋರಲ್ಲ, ಅದೇ ಪ್ರಶ್ನೆ ಇದು. ಜಗಲಿ ಹೋಯ್ತು, ಮೊಬೈಲ್ ಬಂತು. ‘ಪೈಕಿ’ ಅನ್ನೋ ಪದ ಬಿಟ್ಟಿದೀರಿ, ಅಷ್ಟೇ.

ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಎಂಜಿನಿಯರಿಂಗ್ ಸೇರಿದ ವರ್ಷ ಇಂಥದೊಂದು ಗುಂಪಿಗೆ ಸೇರಿದ. ಯಾವ ಕಾಲೇಜು, ಯಾವ ಗುಂಪು ಅಂತ ಹೇಳಲ್ಲ, ಅದು ಮುಖ್ಯವೂ ಅಲ್ಲ. ಹೊಸಬರಿಗೆ ಅಲ್ಲೊಂದು ಆಟ: ‘ಎರಡು ನಿಜ, ಒಂದು ಸುಳ್ಳು’. ನಿಮ್ಮ ಬಗ್ಗೆ ಮೂರು ಸಾಲು ಬರೀಬೇಕು, ಅದರಲ್ಲಿ ಸುಳ್ಳು ಯಾವುದು ಅಂತ ಉಳಿದವರು ಕಂಡುಹಿಡೀಬೇಕು. ಒಳ್ಳೇ ಆಟಾನೇ. ಅವನು ಬರೆದ: ಒಂದು, ಕಪಿಲಾ ನದಿಯನ್ನ ಈಜಿ ದಾಟಿದೀನಿ. ಎರಡು, ತಮಟೆ ಚೆನ್ನಾಗಿ ಬಾರಿಸ್ತೀನಿ. ಮೂರು, ಈ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ.

ಬಂದ ಉತ್ತರ ಇದು: ‘ಮೂರನೇದು ಸುಳ್ಳು. ತಡೀರಿ ತಡೀರಿ, ಎರಡನೇದು ನಿಜ ಆದ್ರೆ ಮೂರನೇದೂ ನಿಜಾನೇ ಇರಬೇಕು!’

ನಗುವ ಇಮೋಜಿಗಳ ಸಾಲೇ ಬಿತ್ತು. ತಮಟೆ ಬಾರಿಸ್ತಾನೆ ಅಂದ್ರೆ ಇಂಥ ಜಾತಿ, ಇಂಥ ಜಾತಿ ಅಂದ್ರೆ ಕೋಟಾ, ಕೋಟಾ ಅಂದ್ರೆ ಸೀಟು. ಒಂದೇ ಸಾಲಿನಲ್ಲಿ ಹುಡುಗನ ಕೈಯ ಕಲೆಯನ್ನೂ ಕಸಿದುಕೊಂಡ್ರು, ಓದನ್ನೂ ಕಸಿದುಕೊಂಡ್ರು. ನಿಜವಾದ ಸುಳ್ಳು ಈಜಿನದು, ಅವನಿಗೆ ಈಜೇ ಬರಲ್ಲ. ಅದನ್ನ ಯಾರೂ ಕಂಡುಹಿಡೀಲಿಲ್ಲ, ಯಾಕಂದ್ರೆ ಅವರು ಆಡ್ತಿದ್ದ ಆಟಾನೇ ಬೇರೆ. ಹುಡುಗ ‘ಹಹ’ ಅಂತ ಬರೆದ. ನನಗೆ ಗೊತ್ತಾಗಿ ಕೇಳಿದ್ರೆ ‘ಬಿಡು ಮಾವ, ತಮಾಷೆಗೆ ಅಂದಿದ್ದು’ ಅಂದ. ಆಮೇಲೆ ಎಂಟು ತಿಂಗಳು ಆ ಗುಂಪಲ್ಲಿದ್ದ. ಒಂದು ಸಾಲೂ ಬರೀಲಿಲ್ಲ.

ಆ ‘ಹಹ’ ಇದೆಯಲ್ಲ, ಅದನ್ನೇ ನೀವು ‘ಸ್ಪೋರ್ಟಿವ್’ ಅಂತೀರಿ. ‘ಹೊಸಬ ಪರವಾಗಿಲ್ಲ, ಸ್ಪೋರ್ಟಿವ್ ಆಗಿದಾನೆ’ ಅಂತ ಸರ್ಟಿಫಿಕೇಟ್ ಕೊಡ್ತೀರಿ. ನಮ್ಮ ತಾತಂದಿರಿಗೆ ಊರ ಗೌಡರು ಇದೇ ಸರ್ಟಿಫಿಕೇಟ್ ಕೊಡ್ತಿದ್ರು. ‘ಅವನು ಒಳ್ಳೆಯವನಪ್ಪ, ಏನಂದ್ರೂ ನಗ್ತಾನೆ’ ಅಂತ. ಯಾಕೆ ನಗ್ತಿದ್ದ? ನಗದೇ ಇದ್ರೆ ನಾಳೆ ಕೂಲಿ ಇಲ್ಲ. ಇವತ್ತಿನ ಹುಡುಗ ಯಾಕೆ ನಗ್ತಾನೆ? ನಗದೇ ಇದ್ರೆ ನಾಲ್ಕು ವರ್ಷ ಕ್ಯಾಂಟೀನಲ್ಲಿ ಒಬ್ಬನೇ ಕೂತು ತಿನ್ನಬೇಕು.

ಹೊಸಬರನ್ನ ಗೋಳು ಹೊಯ್ಕೊಂಡು ಒಳಗೆ ಸೇರಿಸ್ಕೊಳೋ ಪದ್ಧತಿಗೆ ಕಾಲೇಜಿನಲ್ಲಿ ಒಂದು ಹೆಸರಿದೆ, ರ‍್ಯಾಗಿಂಗ್. ಅಲ್ಲೂ ಇದೇ ಮಾತು ಹೇಳ್ತಿದ್ರು: ಪರಿಚಯ ಆಗಲಿ ಅಂತ ಮಾಡೋದು, ನಾಚಿಕೆ ಬಿಡ್ಲಿ ಅಂತ ಮಾಡೋದು, ನಮಗೂ ಸೀನಿಯರ್‌ಗಳು ಮಾಡಿದ್ರು. 2009ರಲ್ಲಿ ಯುಜಿಸಿ ಇದರ ವಿರುದ್ಧ ನಿಯಮ ತಂತು. 2016ರ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಬಣ್ಣ, ಪ್ರದೇಶ, ಭಾಷೆ, ಲಿಂಗ ಇಂಥವನ್ನ ಹಿಡಿದು ವಿದ್ಯಾರ್ಥಿಯನ್ನ ಹೀಯಾಳಿಸೋದು, ಹೊರಗಿಡೋದು ಕೂಡ ರ‍್ಯಾಗಿಂಗೇ ಅಂತ ಸ್ಪಷ್ಟವಾಗಿ ಸೇರಿಸ್ತು. ಗಮನಿಸಿ, ಹೊಡೆಯೋದು ಮಾತ್ರ ಅಲ್ಲ, ಮಾತಲ್ಲಿ ಚುಚ್ಚೋದೂ, ಗುಂಪಿಂದ ಬೇರೆ ಮಾಡೋದೂ ಸೇರಿದೆ. ಹಾಸ್ಟೆಲ್ ಕೋಣೇಲಿ ಮಾಡಿದ್ರೆ ರ‍್ಯಾಗಿಂಗ್, ಅದೇ ಹುಡುಗರು ಅದೇ ಹುಡುಗನಿಗೆ ಮೊಬೈಲಲ್ಲಿ ಮಾಡಿದ್ರೆ ಹಾಸ್ಯ. ಹೆಂಗೆ?

ಮುಂಬೈನ ಡಾಕ್ಟರ್ ಪಾಯಲ್ ತಡವಿ ನೆನಪಿದ್ದಾರಾ? ಆದಿವಾಸಿ ಹೆಣ್ಣುಮಗಳು, ಸ್ತ್ರೀರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದ್ತಿದ್ದರು. 2019ರ ಮೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡರು. ಹಿರಿಯ ಸಹಪಾಠಿಗಳು ಜಾತಿ ಎತ್ತಿ ಹಂಗಿಸ್ತಿದ್ರು, ವಾಟ್ಸ್ಯಾಪ್ ಗುಂಪಿನಲ್ಲೂ ಅವಮಾನ ಮಾಡ್ತಿದ್ರು ಅನ್ನೋದು ಕುಟುಂಬದ ಆರೋಪ. ಎಲ್ಲ ಮೀಮ್ ಗ್ರೂಪೂ ಸಾವಿನಲ್ಲಿ ಮುಗಿಯುತ್ತೆ ಅಂತ ನಾನು ಹೇಳ್ತಿಲ್ಲ. ‘ಮೊಬೈಲಲ್ಲಿ ಬಂದ ಮಾತಿಗೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ’ ಅನ್ನೋ ನಿಮ್ಮ ಸಲಹೆಯ ಬೆಲೆ ಎಷ್ಟು ಅಂತ ಹೇಳ್ತಿದೀನಿ.

ಇನ್ನು ನಿಮ್ಮ ಆಟಗಳಿಗೆ ಬರೋಣ.

ಕಾಲೇಜು ಫೆಸ್ಟುಗಳಲ್ಲಿ ‘ಮ್ಯಾಡ್ ಆ್ಯಡ್ಸ್’ ಅಂತ ಒಂದು ಆಟ ಇರುತ್ತೆ. ಯಾವುದಾದರೂ ಒಂದು ವಸ್ತು ಕೊಡ್ತಾರೆ, ಅದಕ್ಕೆ ನಗೆ ಬರೋ ಹಾಗೆ ಒಂದು ಜಾಹೀರಾತು ಕಟ್ಟಿ ಆಡಿ ತೋರಿಸಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಆಟದಲ್ಲಿ ಆಡಿದ್ದು ಏನು? ಬಾಬಾಸಾಹೇಬರ ಹೆಸರಿನ ಬಿ.ಆರ್. ಅನ್ನೋದನ್ನ ‘ಬಿಯರ್’ ಮಾಡಿದ್ರು. ದಲಿತ ಅನ್ನೋ ಪದದ ಮೇಲೆ ಪನ್ ಮಾಡಿದ್ರು. ದಲಿತ ಹುಡುಗ ಮೇಲ್ಜಾತಿ ಹುಡುಗೀನ ಇಷ್ಟಪಡೋದನ್ನೂ, ಮುಟ್ಟಿಸ್ಕೊಳ್ಳಲ್ಲ ಅನ್ನೋದನ್ನೂ ಜೋಕ್ ಮಾಡಿದ್ರು. ಸಭಿಕರು ನಕ್ಕರು. ವಿಡಿಯೊ ಹೊರಗೆ ಬಂದ ಮೇಲೆ ಅಮಾನತು, ಎಫ್‌ಐಆರ್, ಬಂಧನ ಎಲ್ಲ ಆಯ್ತು. ಆಮೇಲೆ ಕೋರ್ಟಿನ ಕತೆ ಬೇರೆ, ಅದು ವಕೀಲರ ಕೆಲಸ. ನನ್ನ ಪ್ರಶ್ನೆ ವಕೀಲರಿಗಲ್ಲ. ಆ ನಾಟಕ ಒಂದೇ ದಿನದಲ್ಲಿ ವೇದಿಕೆ ಮೇಲೆ ಹುಟ್ಟಿದ್ದಲ್ಲ. ಬರೆದೋರಿದ್ದಾರೆ, ರಿಹರ್ಸಲ್ ನೋಡಿದೋರಿದ್ದಾರೆ. ಅಷ್ಟು ಜನರಲ್ಲಿ ಒಬ್ಬರಿಗೂ ‘ಇದು ಬೇಡ ಕಣ್ರೋ’ ಅನ್ನಬೇಕು ಅಂತ ಯಾಕೆ ಅನ್ನಿಸಲಿಲ್ಲ?

ಯಾಕಂದ್ರೆ ಅವರ ಫೋನಿನಲ್ಲಿ ಅದೇ ಜೋಕು ಅದಕ್ಕೂ ಮೊದಲು ನೂರು ಸಲ ಓಡಾಡಿತ್ತು. ಕ್ಯಾಪ್ಶನ್ ಸ್ಪರ್ಧೇಲಿ, ರೋಸ್ಟ್ ರಾತ್ರೀಲಿ, ಸೇತುವೆ ಬಿದ್ದ ಫೋಟೊಕ್ಕೆ ‘ಕೋಟಾ ಎಂಜಿನಿಯರ್’ ಅಂತ ಬರೆಯೋ ಆಟದಲ್ಲಿ. ಅಲ್ಲಿ ಲೈಕ್ ಬಿದ್ದಿತ್ತು. ಲೈಕ್ ಬಿದ್ದ ಜೋಕನ್ನ ವೇದಿಕೆಗೆ ತಂದ್ರು. ತರಬೇತಿ ಕೊಟ್ಟೋರು ನೀವು, ಸಿಕ್ಕಿಬಿದ್ದೋರು ಹುಡುಗರು.

ಸೇತುವೆ ಅಂದೆನಲ್ಲ, ಆ ಜೋಕಿಗೇ ಒಂದು ಲೆಕ್ಕ ಕೇಳ್ತೀನಿ. 2019ರಲ್ಲಿ 103ನೇ ತಿದ್ದುಪಡಿ ಬಂದು ಆರ್ಥಿಕವಾಗಿ ಹಿಂದುಳಿದವರಿಗೆ 10% ಮೀಸಲಾತಿ ಆಯ್ತು. ನಮ್ಮನ್ನೂ, ಒಬಿಸಿಗಳನ್ನೂ ಬಿಟ್ಟು ಉಳಿದವರಿಗೆ ಮಾತ್ರ ಅದು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರಿ ಅಂದಿತು. ಅದರ ಮೇಲೆ ನಿಮ್ಮ ಗುಂಪಲ್ಲಿ ಬಂದ ಮೀಮ್ ಎಷ್ಟು? ಮ್ಯಾನೇಜ್‌ಮೆಂಟ್ ಕೋಟಾ ಇದೆ. ಎನ್‌ಆರ್‌ಐ ಕೋಟಾ ಇದೆ. ದುಡ್ಡು ಎಣಿಸಿ ಮೆಡಿಕಲ್ ಸೀಟು ತಗೊಂಡವನ ಕೈಯಲ್ಲಿ ಕತ್ತರಿ ಇರೋ ಮೀಮ್ ಎಲ್ಲಿ? ನೀವು ನಗ್ತಿರೋದು ಕೋಟಾ ನೋಡಿ ಅಲ್ಲ ಸ್ವಾಮಿ. ಕೋಟಾ ನೋಡಿ ನಗೋದಾಗಿದ್ರೆ ಎಲ್ಲ ಕೋಟಾಕ್ಕೂ ನಗು ಬರಬೇಕಿತ್ತು.

‘ಬರೀ ಜೋಕು’ ಅನ್ನೋದು ಇವತ್ತಿನ ಮಾತಲ್ಲ. ಬಾಬಾಸಾಹೇಬರು ಬದುಕಿದ್ದಾಗ ಪತ್ರಿಕೆಗಳು ಅವರನ್ನ ಹೆಂಗೆಲ್ಲ ಬರೆದವು ಅಂತ ನೋಡಬೇಕಾದ್ರೆ ಉನ್ನಮತಿ ಶ್ಯಾಮಸುಂದರ್ ಸಂಗ್ರಹಿಸಿರೋ ವ್ಯಂಗ್ಯಚಿತ್ರಗಳ ಪುಸ್ತಕ ನೋಡಿ. 2019ರಲ್ಲಿ ಬಂತು. 1932ರಿಂದ 1948ರವರೆಗಿನ ನೂರಕ್ಕೂ ಹೆಚ್ಚು ಚಿತ್ರಗಳಿವೆ. ದೇಶದ ದೊಡ್ಡ ದೊಡ್ಡ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದವು. ಅಷ್ಟು ಓದಿದ ಮನುಷ್ಯನನ್ನ ಮತ್ತೆ ಮತ್ತೆ ಕುಳ್ಳಗೆ, ಹಟಮಾರಿ ಮಗುವಿನ ಹಾಗೆ ಬರೆದಿದ್ದಾರೆ. 1949ರಲ್ಲಿ ಶಂಕರ್ ಬರೆದ ಚಿತ್ರದಲ್ಲಿ ಸಂವಿಧಾನ ಅನ್ನೋದು ಬಸವನಹುಳ, ಅದರ ಮೇಲೆ ಬಾಬಾಸಾಹೇಬರು, ಹಿಂದೆ ಚಾಟಿ ಹಿಡಿದ ನೆಹರೂ. ಅದನ್ನೇ ಎನ್‌ಸಿಇಆರ್‌ಟಿ ಪಠ್ಯಪುಸ್ತಕದಲ್ಲಿ ಹಾಕಿದ್ರು. 2012ರಲ್ಲಿ ಸಂಸತ್ತಿನಲ್ಲಿ ಗಲಾಟೆ ಆಯ್ತು. ಆಗ ದೊಡ್ಡ ದೊಡ್ಡ ವಿದ್ವಾಂಸರು ನಮಗೆ ಹೇಳಿದ ಬುದ್ಧಿಮಾತು: ‘ಹಾಸ್ಯವನ್ನ ಹಾಸ್ಯವಾಗಿ ನೋಡೋದು ಕಲೀರಿ.’

ಸರಿ, ಕಲಿತೀವಿ. ಆದ್ರೆ ಈ ಪಾಠ ನಮಗೊಬ್ಬರಿಗೇನಾ?

1973ರ ನವೆಂಬರ್. ಮೈಸೂರು. ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ್ರು. ಬೂಸಾ ಅಂದ್ರೆ ದನಕ್ಕೆ ಹಾಕೋ ಹೊಟ್ಟು. ಒಂದು ಪದ. ವ್ಯಂಗ್ಯದ ಮಾತು. ನಿಮ್ಮ ಭಾಷೇಲಿ ಹೇಳೋದಾದ್ರೆ ಅವರು ಕನ್ನಡ ಸಾಹಿತ್ಯವನ್ನ ರೋಸ್ಟ್ ಮಾಡಿದ್ರು. ಆಗ ರಾಜ್ಯ ಸ್ಪೋರ್ಟಿವ್ ಆಗಿ ತಗೊಂಡಿತಾ? ಬೀದಿಗೆ ಇಳಿದ್ರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯ್ತು. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಟ್ಟು ಇಳೀಬೇಕಾಯ್ತು. ಆ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು, ಅದು ಬೇರೆ ಮಾತು.

ನಾವು ಒಂದು ಪದ ಅಂದ್ರೆ ನಾಡದ್ರೋಹ. ನೀವು ದಿನಾ ಬೆಳಿಗ್ಗೆ ಎದ್ದು ಅಂದ್ರೆ ತಮಾಷೆ. ಹಾಸ್ಯಪ್ರಜ್ಞೆ ಇಲ್ಲದಿರೋದು ಯಾರಿಗೆ?

ಹಾಸ್ಯಪ್ರಜ್ಞೆ ವಿಷಯ ಬಂತಲ್ಲ, ಅದನ್ನೂ ಮಾತಾಡಿ ಮುಗಿಸೋಣ. ‘ನಿಮ್ಮವರಿಗೆ ಜೋಕೇ ಅರ್ಥ ಆಗಲ್ಲ, ಯಾವಾಗಲೂ ಮುಖ ಗಂಟು ಹಾಕ್ಕೊಂಡಿರ್ತೀರಿ’ ಅಂತೀರಿ. ಕವಿ ಸಿದ್ದಲಿಂಗಯ್ಯನವರ ಆತ್ಮಕತೆ ‘ಊರುಕೇರಿ’ ಓದಿ. ಮನುಷ್ಯರ ಹೆಗಲಿಗೆ ಎತ್ತಿನ ಹಾಗೆ ನೊಗ ಹಾಕಿ ಉಳೋದನ್ನ ಹುಡುಗ ಒಬ್ಬ ನೋಡ್ತಾನೆ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಇಂಥ ಅನುಭವ ಇರೋ ಪುಸ್ತಕ ಪುಟ ಪುಟಕ್ಕೂ ನಗಿಸುತ್ತೆ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕತೆಗೆ ಇಟ್ಟ ಹೆಸರು ‘ಗೌರ್ಮೆಂಟ್ ಬ್ರಾಹ್ಮಣ’. ಸರ್ಕಾರದ ಸವಲತ್ತು ಪಡೆಯೋ ನಮ್ಮವರನ್ನ ಹಂಗಿಸೋಕೆ ಬಳಸ್ತಿದ್ದ ಮಾತದು. ಆ ಕಲ್ಲನ್ನೇ ಎತ್ಕೊಂಡು ಪುಸ್ತಕದ ನೆತ್ತಿ ಮೇಲೆ ಇಟ್ರು. ಇದಕ್ಕಿಂತ ದೊಡ್ಡ ಜೋಕ್ ನಿಮ್ಮ ಯಾವ ಪೇಜಿನಲ್ಲಿ ಬಂದಿದೆ? ದೇವನೂರ ಮಹಾದೇವ ಅವರ ಕತೆಗಳಲ್ಲಿ ಹಸಿವಿನ ಪಕ್ಕದಲ್ಲೇ ನಗು ಕೂತಿರುತ್ತೆ. ಈಚೆಗೆ ಮಂಜೀತ್ ಸರ್ಕಾರ್, ಅಂಕುರ್ ತಂಗಡೆ ಥರದ ದಲಿತ ಕಾಮಿಡಿಯನ್‌ಗಳು ‘ಬ್ಲೂ ಮೆಟೀರಿಯಲ್’ ಅಂತ ಪ್ರದರ್ಶನ ಕೊಡ್ತಿದ್ದಾರೆ. ಜಾತಿ ಮೇಲೇ ಜೋಕ್ ಮಾಡ್ತಾರೆ, ಹೊಟ್ಟೆ ಹುಣ್ಣಾಗೋ ಹಾಗೆ.

ವ್ಯತ್ಯಾಸ ಇಷ್ಟೇ. ಅವರ ಜೋಕು ಜಾತಿ ಮಾಡಿದವನ ಮೇಲೆ. ನಿಮ್ಮ ಜೋಕು ಜಾತಿಯಿಂದ ಏಟು ತಿಂದವನ ಮೇಲೆ. ನಮ್ಮ ಕೇರಿಯಲ್ಲಿ ಸಾವಿನ ಮನೆಯಲ್ಲೂ ನಗು ಇದೆ, ತಮಟೆ ಬಡಿತದಲ್ಲೂ ತಮಾಷೆ ಇದೆ, ಸೋಬಾನೆ ಹಾಡೋ ಹೆಂಗಸರು ಬೀಗರನ್ನ ಗೋಳು ಹೊಯ್ಕೊಳೋದನ್ನ ಒಂದ್ಸಲ ಬಂದು ಕೇಳಿ. ನಗೋದು ನಮಗೆ ಹೇಳಿಕೊಡಬೇಡಿ. ನಮ್ಮನ್ನ ಮೆಟ್ಟಿ ನಿಂತು ನಗೋದನ್ನ ನಿಲ್ಲಿಸಿ, ಸಾಕು.

ಇನ್ನೊಂದು ಸಬೂಬು ಇದೆ. ‘ನಮ್ಮ ಗುಂಪಲ್ಲಿ ಯಾರೂ ಜಾತಿ ಹೆಸರು ಹೇಳಲ್ಲ ಬ್ರೋ.’ ಹೇಳ್ತೀರಿ, ನಿಮಗೆ ಕೇಳಿಸಲ್ಲ ಅಷ್ಟೇ. ಕೊಳಕಾಗಿದ್ರೆ ಒಂದು ಜಾತಿ ಹೆಸರು, ಜೋರಾಗಿ ಮಾತಾಡಿದ್ರೆ ಇನ್ನೊಂದು, ಬಣ್ಣದ ಬಟ್ಟೆ ಹಾಕಿದ್ರೆ ಮತ್ತೊಂದು. ಕನ್ನಡದ ಬೈಗುಳದಲ್ಲಿ ಅರ್ಧ ಯಾರದೋ ಜಾತಿ ಮೇಲೆ, ಇನ್ನರ್ಧ ಯಾರದೋ ತಾಯಿಯ ವೈಧವ್ಯದ ಮೇಲೆ ನಿಂತಿದೆ. ಗಾದೆಗಳದ್ದೂ ಅದೇ ಕತೆ. 2023ರ ಆಗಸ್ಟಿನಲ್ಲಿ ನಟ ಉಪೇಂದ್ರ ಲೈವ್ ಬಂದು ಟೀಕಾಕಾರರ ಬಗ್ಗೆ ಮಾತಾಡ್ತಾ ಊರು ಅಂದ ಮೇಲೆ ನಮ್ಮ ಕೇರಿ ಇರುತ್ತೆ ಅನ್ನೋ ಹಳೇ ಗಾದೆ ಬಳಸಿದ್ರು. ವಿರೋಧ ಬಂದ ಮೇಲೆ ವಿಡಿಯೊ ತೆಗೆದು ಕ್ಷಮೆ ಕೇಳಿದ್ರು. ಬಾಯ್ತಪ್ಪಿ ಬಂತು ಅಂದ್ರು. ನಾನೂ ನಂಬ್ತೀನಿ, ಬಾಯ್ತಪ್ಪಿಯೇ ಬಂದಿರುತ್ತೆ. ಸಮಸ್ಯೆ ಅದೇ. ಬಾಯಿ ತಪ್ಪಿದಾಗಲೆಲ್ಲ ಅದು ನಮ್ಮ ಕೇರಿ ಕಡೆಗೇ ಯಾಕೆ ಬೀಳುತ್ತೆ?

ಕಾನೂನಿನ ಮಾತು ಒಂದೇ ಪ್ಯಾರಾದಲ್ಲಿ ಹೇಳಿ ಮುಗಿಸ್ತೀನಿ, ಹೆದರಿಸೋಕಲ್ಲ, ಗೊತ್ತಿರಲಿ ಅಂತ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಬೇಕೂಂತ ಅವಮಾನ ಮಾಡೋದು, ಜಾತಿ ಹೆಸರಿಡಿದು ಬೈಯೋದು ಅಪರಾಧ. ತೀರಿಕೊಂಡ ನಮ್ಮ ಪೂಜ್ಯರನ್ನ ಮಾತಲ್ಲೋ ಬರಹದಲ್ಲೋ ಅಗೌರವಿಸೋದೂ ಅಪರಾಧ. ಇಂಟರ್ನೆಟ್ಟಿಗೆ ಹಾಕಿದ ವಿಡಿಯೊದ ಮಾತಿಗೂ ಈ ಕಾಯ್ದೆ ಅನ್ವಯಿಸುತ್ತೆ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದ್ರೆ ಕೇಸ್ ಹಾಕಿ ಯಾರನ್ನೂ ಸ್ನೇಹಿತರನ್ನಾಗಿ ಮಾಡ್ಕೊಳೋಕೆ ಆಗಲ್ಲ ಅಂತ ನನಗೂ ಗೊತ್ತು. ಗುಂಪಿಗೆ ಸೇರೋ ಹುಡುಗನಿಗೆ ಬೇಕಾಗಿರೋದು ಎಫ್‌ಐಆರ್ ಅಲ್ಲ, ನಾಲ್ಕು ಜನ ಗೆಳೆಯರು.

ಅದಕ್ಕೇ ನಿಮಗೊಂದು ಕತೆ ಹೇಳ್ತೀನಿ. ನಮ್ಮ ಕಡೆ ನೀಲಗಾರರು ರಾತ್ರಿಯಿಡೀ ಹಾಡೋ ಮಂಟೇಸ್ವಾಮಿ ಕತೆ. ಒಬ್ಬೊಬ್ಬರು ಒಂದೊಂದು ಥರ ಹಾಡ್ತಾರೆ, ತಿರುಳು ಇದು. ಬಸವಣ್ಣನವರ ಕಲ್ಯಾಣಕ್ಕೆ ಮಂಟೇದಯ್ಯ ಬರ್ತಾನೆ. ದೇವರ ಹಾಗೆ ಅಲ್ಲ. ಮೈಯೆಲ್ಲ ಗಾಯ, ಗಬ್ಬು ವಾಸನೆ, ಹೆಗಲ ಮೇಲೆ ಸತ್ತ ಕರು. ಎಲ್ಲರೂ ಸಮಾನರು ಅನ್ನೋ ಊರದು. ಬಾಗಿಲು ಕಾಯೋರು ಒಳಗೆ ಬಿಡಲ್ಲ. ಹೋಗಿ ತಿಪ್ಪೆ ಮೇಲೆ ಕೂತ್ಕೋತಾನೆ. ಕೊನೆಗೆ ಬಸವಣ್ಣನೇ ಹುಡುಕಿಕೊಂಡು ಬರಬೇಕಾಗುತ್ತೆ.

ಈ ಕತೆಯಲ್ಲಿ ಪರೀಕ್ಷೆ ಯಾರಿಗೆ? ಬಂದವನಿಗಲ್ಲ. ಬಾಗಿಲಲ್ಲಿ ನಿಂತವರಿಗೆ. ಬಂದವನು ಯಾವ ಉತ್ತರವನ್ನೂ ಕೊಡಬೇಕಾಗಿಲ್ಲ, ಅವನು ಬಂದು ನಿಂತಿದ್ದೇ ಪ್ರಶ್ನೆ. ನಾವೆಲ್ಲ ಸಮಾನರು ಅಂತ ಊರಿಗೆಲ್ಲ ಸಾರಿದವರು ಆವತ್ತು ಫೇಲಾದ್ರು.

ಅಡ್ಮಿನ್ ಅಣ್ಣಂದಿರೇ, ನಿಮ್ಮ ಗುಂಪಿನ ವಿವರದಲ್ಲಿ ‘ಇಲ್ಲಿ ಜಾತಿ ಮತ ಇಲ್ಲ, ಎಲ್ಲರಿಗೂ ಸ್ವಾಗತ’ ಅಂತ ಬರ್ಕೊಂಡಿದೀರಲ್ಲ. ಅದು ನಿಜವೋ ಸುಳ್ಳೋ ಅಂತ ಗೊತ್ತಾಗೋದು ಹೊಸಬ ಬಂದ ದಿನ. ನೀವು ಅವನಿಗೆ ಪರೀಕ್ಷೆ ಇಡ್ತಿದೀವಿ ಅಂದ್ಕೊಂಡಿದೀರಿ. ಪರೀಕ್ಷೆ ಬರೀತಿರೋದು ನೀವು.

ಬರೀ ಬೈದು ಹೋಗೋ ಅಭ್ಯಾಸ ನಮ್ಮದಲ್ಲ. ಮಾಡಬಹುದಾದ ಕೆಲಸ ಹೇಳ್ತೀನಿ. ಒಂದು ಪೈಸೆ ಖರ್ಚಿಲ್ಲ.

ಇಂಟ್ರೊ ಆಟದಿಂದ ಊರು, ಬೀದಿ, ಅಡ್ಡಹೆಸರು, ಇನಿಶಿಯಲ್, ಊಟ, ರ‍್ಯಾಂಕು ಇಷ್ಟನ್ನೂ ತೆಗೀರಿ. ಬದಲಿಗೆ ಕೇಳಿ: ಕೊನೇ ಸಲ ಜೋರಾಗಿ ನಕ್ಕಿದ್ದು ಯಾವಾಗ? ಎಷ್ಟು ಸಲ ನೋಡಿದ್ರೂ ಬೇಜಾರಾಗದ ಸಿನಿಮಾ ಸೀನ್ ಯಾವುದು? ಯಾವ ಹೆಸರಲ್ಲಿ ಕರೀಬೇಕು? ಅವನಾಗೇ ಊರು ಹೇಳ್ಕೊಂಡ್ರೆ ಸಂತೋಷ.

ರೋಸ್ಟ್ ಆಟ ಇದ್ರೆ ಹೊಸಬರನ್ನ ಕೂರಿಸಬೇಡಿ. ಮೊದಲ ತಿಂಗಳು ಅಡ್ಮಿನ್ ಕೂತ್ಕೊಳ್ಳಿ. ಹಳಬರು ಕೂತ್ಕೊಳ್ಳಿ. ಹೊಸಬರು ನಿಮ್ಮನ್ನ ರೋಸ್ಟ್ ಮಾಡ್ಲಿ. ನಿಮ್ಮ ಸ್ಪೋರ್ಟಿವ್‌ನೆಸ್ ಎಷ್ಟಿದೆ ನಾವೂ ನೋಡ್ತೀವಿ.

ಕ್ಯಾಪ್ಶನ್ ಸ್ಪರ್ಧೆಗೆ ಒಂದೇ ನಿಯಮ ಸಾಕು. ನಗು ಬರಬೇಕಾದ್ರೆ ಓದುವವನಿಗೆ ಯಾರದೋ ಜಾತಿ ಗೊತ್ತಿರಲೇಬೇಕಾ? ಹಂಗಿದ್ರೆ ಆ ಸಾಲು ತೆಗೀರಿ. ಜಾತಿ ಮಾಡೋನನ್ನ ಲೇವಡಿ ಮಾಡಿದ ಸಾಲಾದ್ರೆ ಇರಲಿ, ಪಿನ್ ಮಾಡಿ.

ಒಗಟು ಆಡಿಸಿ. ಎಲ್ಲರ ಅಜ್ಜಿಯ ಬಾಯಲ್ಲೂ ಒಗಟಿದೆ. ಕೇರಿಯ ಅಜ್ಜಿಗೆ ಗೊತ್ತಿರೋ ಒಗಟು ಅಗ್ರಹಾರದ ಮೊಮ್ಮಗನಿಗೆ ಬಿಡಿಸೋಕೆ ಆಗಲ್ಲ, ತಾಂಡಾದ ಒಗಟು ಮಲೆನಾಡಿನವನಿಗೆ ಗೊತ್ತಾಗಲ್ಲ. ಆಗ ಎಲ್ಲರೂ ಒಂದಲ್ಲ ಒಂದು ದಿನ ಹೊಸಬರಾಗ್ತೀರಿ. ಕೇಳೋಕೆ ಕಲೀತೀರಿ.

ಮತ್ತೆ ಮುಖ್ಯವಾಗಿ, ಯಾರಾದ್ರೂ ‘ಇದು ಬೇಡ’ ಅಂದ್ರೆ ಅದಕ್ಕೆ ನಗುವ ಇಮೋಜಿ ಒತ್ತಬೇಡಿ. ಬೇಡ ಅನ್ನೋ ಜವಾಬ್ದಾರಿ ಪೂರ್ತಿ ಆ ಒಬ್ಬ ದಲಿತ ಹುಡುಗನ ತಲೆಗೆ ಕಟ್ಟಲೂಬೇಡಿ. ಅವನು ಅಲ್ಲಿ ನಗೋಕೆ ಬಂದಿದಾನೆ, ನಿಮಗೆ ಪಾಠ ಮಾಡೋ ಕೆಲಸಕ್ಕೆ ಸೇರಿಲ್ಲ. ಬೇರೆ ಜಾತಿಯ ಗೆಳೆಯರೇ ಮೊದಲು ಬಾಯಿ ಬಿಡಿ. ಖಾಸಗಿಯಾಗಿ ಬಂದು ‘ಬೇಜಾರು ಮಾಡ್ಕೋಬೇಡ ಮಗಾ’ ಅಂತ ಸಮಾಧಾನ ಹೇಳೋ ಧೈರ್ಯವನ್ನ ಗುಂಪಿನೊಳಗೇ ತೋರಿಸಿ.

ಕೊನೇ ಮಾತು ನಮ್ಮ ಮಕ್ಕಳಿಗೆ.

ತಮ್ಮಾ, ತಂಗೀ, ನಗು ಬರದಿದ್ರೆ ನಗಬೇಡಿ. ‘ಹಹ’ ಅಂತ ಬರೀಲೇಬೇಕು ಅಂತ ಯಾವ ಸಂವಿಧಾನದಲ್ಲೂ ಇಲ್ಲ. ಹೆಸರು ಬದಲಾಯಿಸಬೇಡಿ, ಅಪ್ಪನ ಹೆಸರು ಮುಚ್ಚಿಡಬೇಡಿ, ಡಿಪಿಯಲ್ಲಿ ಬಾಬಾಸಾಹೇಬರ ಫೋಟೊ ಇದ್ರೆ ಇರಲಿ. ಉತ್ತರ ಕೊಡಬೇಕು ಅನ್ನಿಸಿದ್ರೆ ಕೊಡಿ. ಬೇಡ ಅನ್ನಿಸಿದ್ರೆ ಸ್ಕ್ರೀನ್‌ಶಾಟ್ ತಗೊಂಡು ಹೊರಗೆ ಬನ್ನಿ, ಅದು ಸೋಲಲ್ಲ. ಒಬ್ಬರೇ ನುಂಗ್ಕೊಂಡು ಮಾತ್ರ ಕೂರಬೇಡಿ. ಹಾಸ್ಟೆಲಿನ ಅಣ್ಣಂದಿರಿಗೆ ಹೇಳಿ, ಅಕ್ಕಂದಿರಿಗೆ ಹೇಳಿ, ನಮಗೆ ಹೇಳಿ. ನಿಮ್ಮದೇ ಗುಂಪು ಕಟ್ಟಿ, ನಿಮ್ಮದೇ ಮೀಮ್ ಮಾಡಿ. ಆ ಗುಂಪಿಗೆ ನಾಳೆ ಯಾರೋ ಹೊಸಬರು ಬರ್ತಾರೆ. ಅಲೆಮಾರಿಗಳ ಹುಡುಗ ಇರಬಹುದು, ಮುಸ್ಲಿಂ ಹುಡುಗಿ ಇರಬಹುದು, ಲಿಂಗತ್ವ ಅಲ್ಪಸಂಖ್ಯಾತರು ಇರಬಹುದು, ಬಡ ಬ್ರಾಹ್ಮಣರ ಹುಡುಗನೇ ಇರಬಹುದು. ಆವತ್ತು ಬಾಗಿಲಲ್ಲಿ ನಿಂತಿರೋದು ನೀವು. ಪರೀಕ್ಷೆ ನಿಮ್ಮದು.

ಯಾರ ಪೈಕಿ ಅಂತ ಕೇಳಬೇಡಿ. ‘ಬಾ, ಕೂತ್ಕೋ, ಏನು ನಗಿಸ್ತೀಯ ಹೇಳು’ ಅನ್ನಿ.

ಶೇರ್ ಮಾಡೋರು ಮಾಡಿ. ಅಡ್ಮಿನ್‌ಗಳನ್ನ ಟ್ಯಾಗ್ ಮಾಡೋರು ಮರೀದೇ ಮಾಡಿ. ಜೇಬಲ್ಲಿ ಕಾಮೆಂಟ್ ಇಟ್ಕೊಂಡಿದ್ದ ಅಣ್ಣಂದಿರು ಈಗ ಹಾಕಬಹುದು.

ಜೈ ಭೀಮ್.